‘ಅಂತೆ’ ಬಿದ್ದುಹೋದ ಮಾತು

(ತುಮಕೂರಿನ ಕಾಲೇಜೊಂದರ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಮೈಕ್ ಕೈಕೊಟ್ಟಾಗ ಹಿಂದಿನ ಬೆಂಚಿನವರಿಗೆ ಕೇಳಿಸದ ಒಂದೆರಡು ಮಾತು ಸೇರಿಸಿದ್ದೇನೆ.)

ನಿಮ್ಮ ಮೇಷ್ಟ್ರು ಕೊಟ್ಟ ವಿಷಯ ‘ಸಾಮಾಜಿಕ ಮಾಧ್ಯಮ ಮತ್ತು ನೈತಿಕತೆ’. ಬ್ಯಾನರಿನ ಮೇಲೂ ಅದೇ ಇದೆ. ಇಂಥ ವಿಷಯ ಸಿಕ್ಕಿದರೆ ಒಂದು ವಚನ ಹೇಳಿ ಶುರು ಮಾಡುವುದು ನಮ್ಮಲ್ಲಿ ರೂಢಿ. ನಾನು ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

ನಮ್ಮ ಮನೆತನದ್ದೊಂದು ವಾಟ್ಸಾಪ್ ಗ್ರೂಪಿದೆ. ಒಂದು ಸಂಜೆ ನಮ್ಮ ಸೋದರಮಾವ ಅದಕ್ಕೊಂದು ಮೆಸೇಜು ಹಾಕಿದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷದ ಮಗುವಿಗೆ ಆಪರೇಷನ್, ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು, ಕೆಳಗಿನ ನಂಬರಿಗೆ ಕರೆ ಮಾಡಿ, ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ. ಕೊನೆಗೆ ಕೈ ಮುಗಿದ ಚಿತ್ರ, ಮೂರು. ನಾನು ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಓದಿದೆ, ಐದು ಗ್ರೂಪಿಗೆ ಕಳಿಸಿದೆ, ಫೋನು ಬ್ಯಾಗಿಗೆ ಹಾಕಿದೆ. ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ಅದು ಮರೆತೂ ಹೋಗಿತ್ತು. ಏನೋ ಒಳ್ಳೆಯ ಕೆಲಸ ಮಾಡಿದ ಸಮಾಧಾನ ಮಾತ್ರ ಉಳಿದಿತ್ತು.

ರಾತ್ರಿ ಆಫೀಸಿನ ಸಹೋದ್ಯೋಗಿಯೊಬ್ಬರು ಕೇಳಿದರು: ‘ನಂದೂ ಓ ನೆಗೆಟಿವ್ವೇ. ಬೆಳಿಗ್ಗೆ ಹೋಗ್ಲಾ? ಯಾವ ಆಸ್ಪತ್ರೆ?’ ಮೆಸೇಜಿನಲ್ಲಿ ಆಸ್ಪತ್ರೆಯ ಹೆಸರಿತ್ತು, ವಾರ್ಡು ಇರಲಿಲ್ಲ. ಸರಿ, ನಾನೇ ಆ ನಂಬರಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಮಷೀನಿನ ಸದ್ದು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯವರು, ‘ರಕ್ತದ ವಿಷಯಾನಾ ಮೇಡಂ?’ ಎಂದರು. ಮಷೀನು ನಿಂತಿತು. ‘ಅದು ಮೂರು ವರ್ಷದ ಹಿಂದಿನದು. ಮಗಳು ಈಗ ಎರಡನೇ ಕ್ಲಾಸು. ಚೆನ್ನಾಗಿದಾಳೆ.’ ದಿನಕ್ಕೆ ಎಷ್ಟು ಕರೆ ಬರುತ್ತದೆ ಎಂದು ಕೇಳಿದೆ. ಕೆಲವು ದಿನ ಒಂದೂ ಇಲ್ಲ, ಕೆಲವು ದಿನ ನಲವತ್ತು, ಎಲ್ಲೋ ಯಾರೋ ಮತ್ತೆ ಎಬ್ಬಿಸಿದಾಗ. ನಂಬರ್ ಬದಲಾಯಿಸಬಾರದೇ ಎಂದರೆ, ಗಿರಾಕಿಗಳೆಲ್ಲ ಅದೇ ನಂಬರಿನವರು. ಬ್ಯಾಂಕು, ಆಧಾರ್, ರೇಷನ್ ಕಾರ್ಡು ಎಲ್ಲಕ್ಕೂ ಅದೇ. ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಾಡುತ್ತದೆ. ‘ಬೈಯೋಕೂ ಮನಸ್ಸು ಬರಲ್ಲ ಮೇಡಂ. ಆವತ್ತು ಹಿಂಗೇ ಮೆಸೇಜ್ ನೋಡಿ ಫೋನ್ ಮಾಡ್ದೋರಲ್ಲೇ ಇಬ್ರು ಬಂದು ರಕ್ತ ಕೊಟ್ಟಿದ್ದು.’

ಇಪ್ಪತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ವರದಿಗಳನ್ನು ತಿದ್ದಿ ಅಚ್ಚಿಗೆ ಕಳಿಸುವ ಕಡೆ, ಕೂತವಳು ನಾನು. ದಿನಾಂಕವಿಲ್ಲದ ಕಾಪಿ ಬಂದರೆ ವರದಿಗಾರನಿಗೆ ರಾತ್ರಿ ಹನ್ನೊಂದಕ್ಕೂ ಫೋನ್ ಮಾಡಿ ಎಬ್ಬಿಸಿದ್ದೇನೆ. ಅದೇ ನಾನು, ಬಸ್ಸಿನಲ್ಲಿ, ಒಂದು ಹೆಬ್ಬೆರಳಲ್ಲಿ, ತಾರೀಖಿಲ್ಲದ ಸುದ್ದಿಯನ್ನು ಐದು ಕಡೆ ಅಚ್ಚು ಹಾಕಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಬೇಕು ಎಂದು ಯಾರಿಗೂ ಅನ್ನಿಸಲೂ ಇಲ್ಲ, ಯಾಕೆಂದರೆ ಅದು ನನ್ನ ಮಾತಲ್ಲವಲ್ಲ, ‘ಬಂದದ್ದನ್ನು ಕಳಿಸಿದ್ದು’.

ಇವತ್ತು ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ.

ಕನ್ನಡದಲ್ಲಿ ನಮಗೊಂದು ಪುಟ್ಟ ಪ್ರತ್ಯಯವಿದೆ: ‘ಅಂತೆ’. ‘ಮಳೆ ಬಂತು’ ಎಂದರೆ ನಾನು ಕಂಡಿದ್ದೇನೆ. ‘ಮಳೆ ಬಂತಂತೆ’ ಎಂದರೆ ಕೇಳಿದ್ದೇನೆ. ‘ಅವನು ಹುಡುಗಿಯ ಮನೆಯವರ ಹತ್ತಿರ ದುಡ್ಡು ತಗೊಂಡ’ ಮತ್ತು ‘ತಗೊಂಡನಂತೆ’, ಈ ಎರಡರ ನಡುವೆ ಒಂದು ಮಾನನಷ್ಟ ಮೊಕದ್ದಮೆಯಷ್ಟು ಅಂತರವಿದೆ. ವ್ಯಾಕರಣ ಓದದ ಅಜ್ಜಿಯೂ ಇದನ್ನು ತಪ್ಪುವುದಿಲ್ಲ. ತಾನು ಕಾಣದ ಸಂಗತಿಗೆ ‘ಅಂತೆ’ ಸೇರಿಸದೆ ಹೇಳಿದರೆ ಕೇಳಿದವರು ತಕ್ಷಣ, ‘ನೀ ನೋಡಿದ್ಯಾ?’ ಎನ್ನುತ್ತಾರೆ. ಅಂತೆ ಜಾಸ್ತಿಯಾದರೆ ‘ಅಂತೆ ಕಂತೆ’ ಎಂದು ನಗುತ್ತಾರೆ. ಗಾಳಿಮಾತು ನಮ್ಮಲ್ಲಿ ಯಾವತ್ತೂ ಇತ್ತು. ಆದರೆ ಅದು ತನ್ನ ಬಾಲಕ್ಕೆ ‘ನಾನು ಗಾಳಿಮಾತು’ ಎಂಬ ಚೀಟಿ ಕಟ್ಟಿಕೊಂಡೇ ಓಡಾಡುತ್ತಿತ್ತು.

ಪತ್ರಿಕೆಯವರು ಇದನ್ನೇ ‘ಎನ್ನಲಾಗಿದೆ’ ಮಾಡಿದೆವು. ಅದರ ಹಿಂದೆ ಬಚ್ಚಿಟ್ಟುಕೊಂಡು ನಾವು ಎಷ್ಟೋ ಜನರ ಮಾನ ಕಳೆದಿದ್ದೇವೆ, ಅದನ್ನು ನಿಮ್ಮೆದುರು ಒಪ್ಪಿಕೊಳ್ಳದೆ ಮುಂದೆ ಹೋಗಬಾರದು. ಆದರೂ ಅದೊಂದು ಗುರುತಾಗಿತ್ತು.

ಫಾರ್ವರ್ಡ್ ಗುಂಡಿ ಮಾಡಿದ್ದೇನೆಂದರೆ, ಆ ‘ಅಂತೆ’ಯನ್ನು ಉದುರಿಸಿದ್ದು. ಯಾರೋ ಹೇಳಿದ್ದು, ಹೇಳಿದವರ ದನಿ ಕಳಚಿ, ‘ಆಯಿತು’, ‘ಬಂದರು’, ‘ಬೇಕು’ ಎಂಬ ಖಚಿತ ರೂಪದಲ್ಲೇ ನನ್ನ ಹೆಸರಿನ ಕೆಳಗೆ ಹೋಗಿ ಕೂತಿತು. ಓದಿದವರಿಗೆ ಅದು ನನ್ನ ಮಾತು. ನನಗೆ ಅದು ನನ್ನದಲ್ಲ. ಮಾತಿಗೆ ವಾರಸುದಾರರೇ ಇಲ್ಲ.

ನೀವು ಹುಟ್ಟುವ ಮುಂಚಿನ ಒಂದು ಗಾಳಿಸುದ್ದಿ ಹೇಳುತ್ತೇನೆ. ತೊಂಬತ್ತರ ದಶಕ. ರಾತ್ರಿ ಹೊತ್ತು ದೆವ್ವವೊಂದು ಮನೆಯವರದ್ದೇ ದನಿಯಲ್ಲಿ ಬಾಗಿಲಾಚೆಯಿಂದ ಕರೆಯುತ್ತದಂತೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತಂತೆ. ಪರಿಹಾರ ಸುಲಭ: ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹೋಗುತ್ತದೆ, ನಾಳೆ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ದೆವ್ವಕ್ಕೂ ಕನ್ನಡ ಬರುತ್ತದೆ ಎಂಬ ನಂಬಿಕೆ ಇದ್ದ ಕಾಲ. ನಮ್ಮ ಬಾಗಿಲ ಮೇಲೂ ಬರೆದಿತ್ತು. ಸುಣ್ಣದ ಕಡ್ಡಿಯಲ್ಲಿ ಬರೆದದ್ದು ನಾನೇ, ಅಕ್ಷರ ದುಂಡಗಿದೆ ಎಂದು ಅಪ್ಪ ನನಗೇ ಆ ಕೆಲಸ ಕೊಟ್ಟಿದ್ದರು. ಹಾಗೆಯೇ ಹದಿನೈದು ಪೈಸೆಯ ಕಾರ್ಡು: ಯಾವುದೋ ದೇವಸ್ಥಾನದಲ್ಲಿ ಹಾವು ಮಾತಾಡಿತಂತೆ, ಇದನ್ನು ಇಷ್ಟು ಜನಕ್ಕೆ ಬರೆದು ಕಳಿಸಿದರೆ ಲಾಟರಿ, ಹರಿದು ಹಾಕಿದರೆ ರಕ್ತ ಕಾರಿ ಸಾವು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ಬರೀ ಟೆಲಿಫೋನಿನ ಮೇಲೆ ಒಂದೇ ದಿನದಲ್ಲಿ ದೇಶ ಸುತ್ತಿ ಸಾಗರದಾಚೆಗೂ ಹೋಗಿತ್ತು. ಹಾಗಾಗಿ, ‘ನಮ್ಮ ಕಾಲದಲ್ಲಿ ಜನ ಬುದ್ಧಿವಂತರಾಗಿದ್ದರು’ ಎಂದು ಯಾರಾದರೂ ಹಿರಿಯರು ಹೇಳಿದರೆ ನಂಬಬೇಡಿ. ನಾವೂ ನಿಮ್ಮಷ್ಟೇ ದಡ್ಡರಿದ್ದೆವು. ಆದರೆ ಹತ್ತು ಕಾರ್ಡಿಗೆ ಒಂದೂವರೆ ರೂಪಾಯಿ ಬೇಕಿತ್ತು, ಹತ್ತು ಸಲ ಕೈಬರಹ ಬೇಕಿತ್ತು. ನಾಲ್ಕನೇ ಕಾರ್ಡಿಗೆ ಬರುವಷ್ಟರಲ್ಲಿ ಬೆರಳು ನೋಯುತ್ತಿತ್ತು, ಹಾವಿನ ಮೇಲಿನ ನಂಬಿಕೆಯೂ ಸ್ವಲ್ಪ ಸಡಿಲವಾಗುತ್ತಿತ್ತು.

2012ರ ಆಗಸ್ಟ್‌ಗೆ ಬನ್ನಿ. ನಾನು ರಾತ್ರಿ ಪಾಳಿಯಲ್ಲಿದ್ದೆ. ಅಸ್ಸಾಮಿನ ಕೊಕ್ರಝಾರ್ ಕಡೆ ಜುಲೈನಲ್ಲಿ ಬೋಡೊಗಳಿಗೂ ಮುಸ್ಲಿಮರಿಗೂ ನಡುವೆ ಗಲಭೆಯಾಗಿತ್ತು. ಅದರ ಸೇಡು ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ತೀರುತ್ತದೆ ಎಂಬ ಎಸ್ಎಂಎಸ್‌ಗಳು ಹರಿದಾಡಿದವು. ಮೆಜೆಸ್ಟಿಕ್ ಎದುರಿನ ಸಿಟಿ ರೈಲು ನಿಲ್ದಾಣದಿಂದ ಬಂದ ಫೋಟೊಗಳು ಇನ್ನೂ ಕಣ್ಣಲ್ಲಿವೆ: ಸೆಕ್ಯುರಿಟಿ ಗಾರ್ಡು, ಪಾರ್ಲರಿನ ಹುಡುಗಿ, ಹೋಟೆಲ್ ಮಾಣಿ, ಕಾಲೇಜು ಮಕ್ಕಳು, ಸಾವಿರಾರು ಜನ, ಸಂಬಳವನ್ನೂ ಕೇಳದೆ ಗಂಟುಮೂಟೆ ಕಟ್ಟಿಕೊಂಡು ಬಂದವರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಬರುತ್ತದೆಂದ ಆ ದಾಳಿ ಬರಲೇ ಇಲ್ಲ. ಒಂದು ಊರನ್ನು ಅರ್ಧ ಹೆದರಿಸಿ ಓಡಿಸಲು ನೂರಾ ಅರವತ್ತು ಅಕ್ಷರ ಸಾಕಾಗಿತ್ತು. ಕೇಂದ್ರ ಸರ್ಕಾರ ಆಗಸ್ಟ್ 17ರಂದು ಒಂದು ಆದೇಶ ಹೊರಡಿಸಿತು: ಹದಿನೈದು ದಿನ, ಒಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸುವಂತಿಲ್ಲ. ಈ ‘ಐದು’ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆರು ವರ್ಷದ ನಂತರ ಅಕ್ಷರದ ಜಾಗಕ್ಕೆ ವಿಡಿಯೊ ಬಂತು. ಬೈಕಿನಲ್ಲಿ ಇಬ್ಬರು, ಬೀದಿಯಲ್ಲಿ ಆಡುವ ಮಕ್ಕಳು, ಒಂದು ಮಗುವನ್ನು ಎತ್ತಿಕೊಂಡು ಬೈಕು ಹೋಗಿಯೇಬಿಡುತ್ತದೆ. ‘ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೆ ಬಂದಿದ್ದಾರೆ’ ಎಂಬ ಒಕ್ಕಣೆ. ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ, ಆಯಾ ಜಿಲ್ಲೆಯ ಹೆಸರು ತುಂಬಿಸಿ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ‘ರೋಶನಿ’ ಎಂಬ ಸಂಸ್ಥೆಗೆ ಮಾಡಿದ ಜಾಗೃತಿ ಚಿತ್ರ. ಪೂರ್ತಿ ಚಿತ್ರದಲ್ಲಿ ಬೈಕು ವಾಪಸು ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮಗು ಕದಿಯಲು ಒಂದು ಕ್ಷಣ ಸಾಕು ಎಂಬ ಫಲಕ ತೋರಿಸುತ್ತಾರೆ. ಯಾರೋ ಕೊನೆಯ ಕೆಲವು ಸೆಕೆಂಡು ಕತ್ತರಿಸಿದ್ದರು. ಆ ಕೊನೆಯ ಸೆಕೆಂಡುಗಳೇ ಆ ವಿಡಿಯೊದ ‘ಅಂತೆ’. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಗಾದೆ ನಮ್ಮದೇ. ಆದರೆ ಕಣ್ಣಾರೆ ಕಂಡೆವು ಎನ್ನುವವರಿಗೆ ಗಾದೆ ಹೇಳುವವರು ಯಾರು?

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಇಪ್ಪತ್ತಾರು ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಕೈಕಾಲು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ವಿವರವಾಗಿ ಹೇಳಬೇಕು. ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು, ಅವರಲ್ಲೊಬ್ಬ ಕತಾರಿನವನು, ಹಂದಿಕೇರಾ ಎಂಬ ಊರಿನ ಹತ್ತಿರ ಶಾಲೆಮಕ್ಕಳಿಗೆ ಚಾಕೊಲೇಟು ಕೊಟ್ಟರು. ವಿದೇಶದಿಂದ ಬಂದ ನೆಂಟ ಮಕ್ಕಳ ಕೈಗೆ ಚಾಕೊಲೇಟು ಇಡುವುದು. ನಿಮ್ಮ ಮನೆಗೆ ದುಬೈಯಿಂದ ಬಂದ ಚಿಕ್ಕಪ್ಪ ಮಾಡುವುದೂ ಅದನ್ನೇ. ಜನ ಸೇರಿದರು, ಅನುಮಾನ ಎದ್ದಿತು, ಇವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲೇ ವಾಟ್ಸಾಪ್ ಮುರ್ಕಿ ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡಹಾಕಿ ಕಾದಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. 32 ವರ್ಷದ ಎಂಜಿನಿಯರ್ ಒಬ್ಬ ಸತ್ತ. ಆಮೇಲೆ ಪೊಲೀಸರು ಹಿಡಿದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ನಾನು ಆ ಹೊಡೆದವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಗೆ ಕಾನೂನಿದೆ. ನನ್ನ ಚಿಂತೆ ಹೊಡೆಯದವರದ್ದು. ಮನೆಯಲ್ಲಿ ಕೂತು, ಮಕ್ಕಳ ಮೇಲಿನ ನಿಜವಾದ ಕಾಳಜಿಯಿಂದ, ‘ಎಲ್ಲರಿಗೂ ತಿಳಿಯಲಿ’ ಎಂದು ಆ ವಿಡಿಯೊ ಮುಂದೆ ಕಳಿಸಿದವರು ಎಷ್ಟು ಸಾವಿರ ಜನ! ಅವರಲ್ಲಿ ಯಾರಿಗೂ ತಮ್ಮ ಕೈಗೆ ರಕ್ತ ಹತ್ತಿತು ಅನ್ನಿಸಿರುವುದಿಲ್ಲ. ರಕ್ತ ಬೇಕೆಂದು ಕಳಿಸಿದ ನಾನೂ, ಕಳ್ಳರು ಬಂದರೆಂದು ಕಳಿಸಿದ ಅವರೂ ಮಾಡಿದ ಕೆಲಸ ಒಂದೇ: ಓದಿದೆವು, ಎದೆ ಮಿಡಿಯಿತು, ಒತ್ತಿದೆವು. ಪರಿಣಾಮದಲ್ಲಿ ಅಜಗಜಾಂತರವಿದೆ, ಕ್ರಿಯೆಯಲ್ಲಿ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ.

ಕಂಪನಿ ಏನು ಮಾಡಿತು? ಆ ಜುಲೈನಲ್ಲೇ ವಾಟ್ಸಾಪ್ ಭಾರತದ ಪತ್ರಿಕೆಗಳಿಗೆ ಪೂರ್ಣಪುಟದ ಜಾಹೀರಾತು ಕೊಟ್ಟಿತು. ಹಾಗೇ ಬಂದ ಮೆಸೇಜಿನ ನೆತ್ತಿಯ ಮೇಲೆ ‘ಫಾರ್ವರ್ಡೆಡ್’ ಎಂಬ ಪಟ್ಟಿ ಹಚ್ಚಿತು. ಒಮ್ಮೆಗೆ ಐದು ಚಾಟಿಗಷ್ಟೇ ಕಳಿಸಬಹುದು ಎಂಬ ಮಿತಿಯನ್ನು ಭಾರತದಲ್ಲಿ ತಂದಿತು. 2019ರ ಜನವರಿಯಲ್ಲಿ ಅದೇ ಐದು ಇಡೀ ಜಗತ್ತಿಗೆ ಹೋಯಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಸುಳ್ಳುಗಳ ನಡುವೆ, ಅನೇಕ ಸಲ ಕೈ ಬದಲಾಯಿಸಿದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಎಂದು ಬಿಗಿ ಮಾಡಿತು. ಅಂಥ ಮೆಸೇಜುಗಳ ಹರಿದಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು.

ನೋಡಿ, ಆ ‘ಫಾರ್ವರ್ಡೆಡ್’ ಪಟ್ಟಿ ಎಂದರೆ ಬೇರೇನಲ್ಲ, ಯಂತ್ರ ತಂದಿಟ್ಟ ‘ಅಂತೆ’. ಅನೇಕ ಸಲ ಕೈ ಬದಲಾಯಿಸಿದ ಮೆಸೇಜಿನ ಮೇಲೆ ಬರುವ ಎರಡು ಬಾಣದ ಗುರುತು ಎಂದರೆ ‘ಅಂತೆ ಕಂತೆ’. ನಮ್ಮ ಅಜ್ಜಿಯ ನಾಲಿಗೆಯಲ್ಲಿದ್ದದ್ದನ್ನು ಉದುರಿಸಿ, ಜೀವ ಹೋದ ಮೇಲೆ ಮತ್ತೆ ಅಂಟಿಸಿದರು. ನನಗೆ ಸಿಟ್ಟು ಬರುವುದು ಇಲ್ಲಿ. ಒಂದು ಸಣ್ಣ ಅಡಚಣೆಗೆ ಶೇ 70 ಇಳಿಯುವುದಾದರೆ, ಅಡಚಣೆಯೇ ಇಲ್ಲದಂತೆ ಅದನ್ನು ಕಟ್ಟಿದ್ದು ಯಾರು? ‘ಬಳಕೆದಾರರು ಜವಾಬ್ದಾರಿಯಿಂದ ವರ್ತಿಸಬೇಕು’ ಎಂದು ಉಪದೇಶ ಮಾಡುವ ಕಂಪನಿಗಳು ಇಳಿಜಾರಿಗೆ ಎಣ್ಣೆ ಸುರಿದು, ‘ಜಾರದಂತೆ ನಡೆಯಿರಿ’ ಎಂದು ಬೋರ್ಡು ಹಾಕಿದ ಹಾಗೆ. ಟ್ವಿಟರ್‌ನಲ್ಲೂ ಮೊದಲು ಇನ್ನೊಬ್ಬರ ಮಾತನ್ನು ಹಂಚಲು ಅದನ್ನು ಕಾಪಿ ಮಾಡಿ, ಅವರ ಹೆಸರು ಸೇರಿಸಿ, ಕೈಯಾರೆ ಹಾಕಬೇಕಿತ್ತು. 2009ರಲ್ಲಿ ರಿಟ್ವೀಟ್ ಗುಂಡಿ ಬಂತು. ಅದನ್ನು ಕಟ್ಟಿದ ತಂಡದ ಮುಂದಾಳು ಕ್ರಿಸ್ ವೆದರೆಲ್ ಹತ್ತು ವರ್ಷದ ಮೇಲೆ, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಕೊಟ್ಟೆವೇನೋ ಎಂಬ ಅರ್ಥದಲ್ಲಿ ಪಶ್ಚಾತ್ತಾಪ ಪಟ್ಟರು. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನ ಸುಮಾರು 1,26,000 ಸುದ್ದಿ ಸರಪಳಿಗಳನ್ನು ಅಳೆದು ನೋಡಿದಾಗ, ನಿಜಕ್ಕಿಂತ ಸುಳ್ಳು ರಿಟ್ವೀಟ್ ಆಗುವ ಸಾಧ್ಯತೆ ಶೇ 70ರಷ್ಟು ಹೆಚ್ಚಿತ್ತು. ಯಂತ್ರದ ಖಾತೆಗಳನ್ನು ತೆಗೆದು ಲೆಕ್ಕ ಹಾಕಿದರೂ ಹಾಗೇ ಇತ್ತು. ಅಂದರೆ ಸುಳ್ಳನ್ನು ಹೊತ್ತು ಓಡಿದ್ದು ಮನುಷ್ಯರೇ. ಗುಂಡಿ ಕಂಪನಿಯದು, ಬೆರಳು ನಮ್ಮದು.

ಕಾನೂನಿನ ವಿಚಾರ ಬೇಗ ಮುಗಿಸುತ್ತೇನೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಹುಡುಗಿಯ ಜೊತೆ, ಅದಕ್ಕೆ ಬರೀ ‘ಲೈಕ್’ ಒತ್ತಿದ ಗೆಳತಿಯನ್ನೂ ಬಂಧಿಸಿದ್ದರು. ಆ ದಾಂಧಲೆಗೆ ದಾರಿ ಮಾಡಿದ್ದ, ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ವಾದದ್ದನ್ನು ಕಳಿಸಿದರೆ ಶಿಕ್ಷೆ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು, ಒಳ್ಳೆಯದೇ ಆಯಿತು. ಇನ್ನೊಂದು ತುದಿಯಲ್ಲಿ, ಪತ್ರಕರ್ತೆಯರನ್ನು ಹೀನವಾಗಿ ನಿಂದಿಸಿದ್ದ ಪೋಸ್ಟೊಂದನ್ನು ಹಂಚಿದ ತಮಿಳುನಾಡಿನ ನಟ-ರಾಜಕಾರಣಿಯೊಬ್ಬರ ಪ್ರಕರಣ. ಓದದೆ ಕಳಿಸಿದೆ, ತೆಗೆದುಹಾಕಿದೆ, ಕ್ಷಮೆಯನ್ನೂ ಕೇಳಿದೆ ಎಂದರು ಅವರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಕಳಿಸಿದ ಸಂದೇಶ ಬಿಲ್ಲಿನಿಂದ ಹೊರಟ ಬಾಣ, ಹೊಣೆ ಹೊರಬೇಕು ಎಂದಿತು. ಸುಪ್ರೀಂ ಕೋರ್ಟಿನಲ್ಲಿ ಅವರ ವಕೀಲರು, ಆಗಷ್ಟೇ ಕಣ್ಣಿಗೆ ಔಷಧಿ ಬಿಟ್ಟುಕೊಂಡಿದ್ದರು, ಓದಲಾಗಲಿಲ್ಲ ಎಂದರು. ಅಲ್ಲೂ ನಡೆಯಲಿಲ್ಲ. ನಗಬೇಡಿ, ಬಸ್ಸಿನಲ್ಲಿ ನಿಂತಿದ್ದ ನನ್ನ ಕಣ್ಣಿಗೆ ಔಷಧಿಯೂ ಇರಲಿಲ್ಲ.

ಹಾಗಾದರೆ ಮೊದಲು ಕಳಿಸಿದವನನ್ನು ಹುಡುಕಿ ಹಿಡಿಯಲಿ ಎನ್ನುತ್ತೀರಿ. 2021ರ ಐಟಿ ನಿಯಮಗಳು ಕೇಳಿದ್ದೂ ಅದನ್ನೇ. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಒಬ್ಬರ ಮೂಲ ಹುಡುಕಬೇಕಾದರೆ ಎಲ್ಲರ ಮಾತಿಗೂ ಗುರುತು ಹಾಕಿಡಬೇಕಾಗುತ್ತದೆ ಎಂಬುದು ಅದರ ವಾದ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಆ ತೀರ್ಪಿಗೆ ಕಾರಣರಾದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಮೊಕದ್ದಮೆ ಹೂಡುವಾಗ ಎಂಬತ್ತು ದಾಟಿದ್ದರು. ನಾನು ಅವರ ಪಕ್ಷ. ಹತ್ತು ಸುಳ್ಳುಗಾರರನ್ನು ಹಿಡಿಯಲು ಊರಿನ ಎಲ್ಲ ಮನೆಗೂ ಕಿವಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆ ಪಕ್ಷ ಹಿಡಿದ ಮೇಲೆ, ಕಾನೂನು ನೋಡದ ಕೋಣೆಯಲ್ಲಿ ನಾನು ಹೇಗಿರುತ್ತೇನೆ ಎಂಬುದು ನನ್ನ ತಲೆಗೇ ಬರುತ್ತದೆ.

ನಾನೇನು ಮಾಡುತ್ತೇನೆ, ಅಷ್ಟು ಹೇಳುತ್ತೇನೆ. ಸಿಟ್ಟು ಬರಿಸುವ, ಹೆದರಿಸುವ ಯಾವ ಮೆಸೇಜು ಬಂದರೂ ಅದಕ್ಕೆ ‘ನಾಳೆ ಬಾ’ ಎನ್ನುತ್ತೇನೆ. ನಿಜವಾಗಲೂ. ಬೆಳಿಗ್ಗೆ ಎದ್ದು ನೋಡಿದರೆ ಹತ್ತರಲ್ಲಿ ಒಂಬತ್ತು ದೆವ್ವ ಬಂದಿರುವುದೇ ಇಲ್ಲ. ಕಳಿಸಲೇಬೇಕಾದರೆ ಫಾರ್ವರ್ಡ್ ಒತ್ತುವುದಿಲ್ಲ. ನನ್ನ ಮಾತಲ್ಲಿ ಟೈಪ್ ಮಾಡುತ್ತೇನೆ, ‘ಇಂಥವರು ಹೇಳಿದರು, ಹೀಗಂತೆ’ ಎಂದು. ಟೈಪ್ ಮಾಡುವಾಗ ಎಷ್ಟೋ ಸಲ ನಾಲ್ಕನೇ ಕಾರ್ಡಿನ ಬೆರಳುನೋವು ನೆನಪಾಗಿ ಅಳಿಸಿಬಿಡುತ್ತೇನೆ.

ರಕ್ತ ಬೇಕು ಎನ್ನುವುದಕ್ಕೆ ಮಾತ್ರ ನಾಳೆ ಬಾ ಎನ್ನಲಾಗದು. 2021ರ ಏಪ್ರಿಲ್-ಮೇ, ಕೊರೊನಾದ ಎರಡನೇ ಅಲೆ, ನಿಮಗೂ ನೆನಪಿರಬೇಕು. ಬೆಡ್ಡು, ಆಕ್ಸಿಜನ್ ಸಿಲಿಂಡರ್ ಸಿಗದೆ ಸಹಾಯವಾಣಿಗಳೆಲ್ಲ ಕಂಗೆಟ್ಟಾಗ ಯಾರೋ ಕಾಣದ ಹುಡುಗ ಹುಡುಗಿಯರು ಕೂತು ಒಂದೊಂದು ನಂಬರಿಗೂ ಫೋನ್ ಮಾಡಿ, ‘ಮಧ್ಯಾಹ್ನ 3.20ಕ್ಕೆ ವಿಚಾರಿಸಿದೆ, ಎರಡು ಇದೆ’ ಎಂದು ಬರೆದು ಹಾಕುತ್ತಿದ್ದರು. ಸಮಯ, ವಿಚಾರಿಸಿದವರ ಹೆಸರು, ಖಾಲಿಯಾದ ಮೇಲೆ ‘ಮುಗಿದಿದೆ’ ಎಂಬ ಇನ್ನೊಂದು ಸಾಲು. ಪತ್ರಿಕೋದ್ಯಮದ ಒಂದು ಪಾಠವನ್ನೂ ಕೇಳದ ಮಕ್ಕಳು ನನ್ನ ಡೆಸ್ಕಿಗಿಂತ ಚೆನ್ನಾಗಿ ಡೆಸ್ಕ್ ನಡೆಸಿದ್ದರು. ಸಾಮಾಜಿಕ ಮಾಧ್ಯಮದಿಂದ ಸಮಾಜಕ್ಕೆ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ 3.20ನ್ನು.

ಮಾತು ಮುಗಿದ ಮೇಲೆ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಆ ರಕ್ತದ ಮೆಸೇಜಿಗೆ ಆಮೇಲೆ ಏನ್ಮಾಡಿದ್ರಿ ಮೇಡಂ?’ ಎಂದಳು. ಒಳ್ಳೆಯ ಪ್ರಶ್ನೆ, ನಾನೇ ಹೇಳದೆ ಬಿಟ್ಟಿದ್ದೆ. ಐದೂ ಗ್ರೂಪಿಗೆ, ಜೊತೆಗೆ ಮನೆಯ ಗ್ರೂಪಿಗೂ ತಿದ್ದುಪಡಿ ಹಾಕಿದೆ: ‘ಇದು ಮೂರು ವರ್ಷ ಹಳೆಯದು, ಮಗು ಚೆನ್ನಾಗಿದೆ, ಯಾರೂ ಕರೆ ಮಾಡಬೇಡಿ, ತಪ್ಪು ನನ್ನದು.’ ನಾಲ್ಕು ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಒಂದರಲ್ಲಿ, ‘ಹಾಗಾದ್ರೆ ಈಗ ರಕ್ತ ಬೇಡ್ವಾ?’ ಎಂದು ಕೇಳಿದರು. ಮನೆಯ ಗ್ರೂಪಿನಲ್ಲಿ ಮಾವ ಹೆಬ್ಬೆರಳು ಎತ್ತಿದರು. ನಾಲ್ಕೇ ದಿನಕ್ಕೆ ಅದೇ ಗ್ರೂಪಿಗೆ ಚಿಕ್ಕಮ್ಮನ ಮಗ ಅದೇ ಮೆಸೇಜು ತಂದು ಹಾಕಿದ, ಮೂರು ಕೈಮುಗಿದ ಚಿತ್ರದ ಸಮೇತ, ತಲೆಯ ಮೇಲೆ ಈಗ ಎರಡು ಬಾಣ.

ಹೋದ ಗೌರಿ ಹಬ್ಬಕ್ಕೆ ಒಂದು ರವಿಕೆ ಹೊಲಿಸಬೇಕಿತ್ತು. ಆ ನಂಬರಿಗೇ ಫೋನ್ ಮಾಡಿದೆ. ಹಿಂದೆ ಮಷೀನಿನ ಸದ್ದು, ಆಮೇಲೆ ಅದು ನಿಂತಿತು.

‘ರಕ್ತದ ವಿಷಯಾನಾ ಮೇಡಂ?’

‘ಅಲ್ಲಪ್ಪ,’ ಎಂದೆ, ‘ರವಿಕೆ.’